ಮಸ್ಕಿ ಉತ್ಖನನಗಳು

ರಾಯಚೂರು ಜಿಲ್ಲೆಯ ಮಸ್ಕಿ ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು ಕೇಂದ್ರ. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಲ್ಲಿ, ಸಾಲಗುಂದ, ಸಿಂಧನೂರು ಕಡೆಯ ಎರೆಭೂಮಿಯ ನಡುವೆ ಎದ್ದ ಕಣಶಿಲೆಯ ಗುಡ್ಡಗಳ ಮಗ್ಗುಲಲ್ಲಿ ಈ ಊರಿದೆ. ಅವುಗಳಲ್ಲಿ ದುರ್ಗದಗುಡ್ಡದ ಬಂಡೆಯ ಮೇಲಿನ ಅಶೋಕನ ಶಾಸನದಿಂದ ಮಸ್ಕಿಗೆ ಹೆಸರು ಬಂತು. ಗುಡ್ಡದ ಬುಡದಲ್ಲಿ ಸಾವಿರಾರು ವರ್ಷ ಬದುಕಿದ ಸಾಮಾನ್ಯ ಜನರ ಕಥೆಯನ್ನು ಹೇಳಿದ್ದು ಅಗೆತಗಳು.

ಇಲ್ಲಿನ ಪ್ರಾಚೀನ ಅವಶೇಷಗಳನ್ನು ಮೊದಲು ಗುರುತಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಅದು ಹತ್ತೊಂಬತ್ತನೆಯ ಶತಮಾನದ ಮಾತು. ನಿಜಾಮ ಸರ್ಕಾರದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಚಿನ್ನದ ನೆಲೆ ಹುಡುಕುತ್ತ ಬಂದು ಶಾಸನವನ್ನು ಕಂಡ. ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಪ್ರಕಟಿಸಿದರು. ಅದುವರೆಗಿನ ಶಾಸನಗಳಲ್ಲಿ ಬಿರುದು ಮಾತ್ರ ಇದ್ದ ದೊರೆಯ ಸ್ವಂತ ಹೆಸರು ಇಲ್ಲಿ ಸಿಕ್ಕಿತು. ಹತ್ತಿರದ ಹಟ್ಟಿಯಲ್ಲಿ ಪ್ರಾಚೀನ ಚಿನ್ನದ ಗಣಿಗಳಿರುವುದರಿಂದ, ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾದ ಸುವರ್ಣಗಿರಿ ಮಸ್ಕಿಯೇ ಎಂದು ಕೆಲವು ವಿದ್ವಾಂಸರೂ, ಕನಕಗಿರಿ ಎಂದು ಇನ್ನು ಕೆಲವರೂ ವಾದಿಸಿದ್ದಾರೆ. 1930ರ ದಶಕದಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆ ಇಲ್ಲಿ ಅಗೆಯಿತು.

ಪದರ ಪದರವಾಗಿ ಕಾಲಾನುಕ್ರಮ ಹಿಡಿದು ಅಗೆದವರು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಬಿ.ಕೆ. ಥಾಪರ್, 1954ರಲ್ಲಿ. ಅವರ ವಿಧಾನದ ಬೇರು ದೂರದ ರೋಮನ್ ಗಡಿಯಲ್ಲಿತ್ತು. ಥಾಪರ್ ಮಾರ್ಟಿಮರ್ ವೀಲರ್‌ನಲ್ಲಿ ತರಬೇತಿ ಪಡೆದವರು. ವೀಲರ್ 1920ರ ದಶಕದಲ್ಲಿ ವೇಲ್ಸ್‌ನ ರೋಮನ್ ಸೇನಾಕೋಟೆಗಳನ್ನು ಅಗೆದು ಕೈ ಪಳಗಿಸಿಕೊಂಡವನು. ಆ ಗಡಿಯಲ್ಲಿ ಕೋಟೆಯ ಗೋಡೆಗಾತು ವರ್ತಕರು, ಕಮ್ಮಾರರು, ಸೈನಿಕರ ಕುಟುಂಬಗಳು ನೆಲೆಸುತ್ತಿದ್ದವು. ಅಲ್ಲಿ ದಂಡು ಬಂದ ಮೇಲೆ ಪೇಟೆ. 1947ರಲ್ಲಿ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳನ್ನು ಅಗೆದಾಗ ರೋಮನ್ ವ್ಯಾಪಾರದ ಕುರುಹುಗಳೇ ಅವನಿಗೆ ಕಾಲ ನಿರ್ಣಯದ ಆಸರೆಯಾದವು.

ಮಸ್ಕಿಯಲ್ಲಿ ಥಾಪರ್ ನಾಲ್ಕು ಘಟ್ಟಗಳನ್ನು ಗುರುತಿಸಿದರು. ತಳದಲ್ಲಿ ನವಶಿಲಾ–ತಾಮ್ರಶಿಲಾಯುಗದ ವಸತಿ: ಮಂದ ಬೂದುಬಣ್ಣದ ಮಡಕೆ, ಕಲ್ಲಿನ ಸಣ್ಣ ಅಲಗುಗಳು, ಅಗೇಟ್ ಮತ್ತು ಕಾರ್ನೀಲಿಯನ್ ಮಣಿ, ಅಲ್ಪಸ್ವಲ್ಪ ತಾಮ್ರ, ದನಕುರಿಗಳ ಎಲುಬು. ಅದರ ಮೇಲೆ ಬೃಹತ್ ಶಿಲಾಯುಗ: ಕಬ್ಬಿಣ, ಕಪ್ಪು–ಕೆಂಪು ಮಡಕೆ, ಸಮಾಧಿಗಳು. ಮೂರನೆಯದು ಶಾತವಾಹನರ ಕಾಲ. ಕೆಂಗಂದು ಲೇಪದ ಮೇಲೆ ಬಿಳಿ ಗೆರೆಯೆಳೆದ ಮಡಕೆಗಳು ಅದರ ಗುರುತು. ಕೊನೆಯದು ಮಧ್ಯಯುಗ.

ಅಗೆತ ಕಟ್ಟುನಿಟ್ಟಾಗಿದ್ದರೂ ಕಾಲಗಣನೆ ಎಡವಿತ್ತು. ವೀಲರ್ ಬ್ರಹ್ಮಗಿರಿಯಲ್ಲಿ ಕಬ್ಬಿಣದ ಬಳಕೆಯನ್ನು ಕ್ರಿ.ಪೂ. 200ರ ಸುಮಾರಿಗೆ ತಂದು ನಿಲ್ಲಿಸಿದ್ದ. ಮಸ್ಕಿಯ ಲೆಕ್ಕವೂ ಅದೇ ಜಾಡು ಹಿಡಿಯಿತು. ಆ ಲೆಕ್ಕ ನಿಜವಾಗಿದ್ದರೆ, ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕನ ಲಿಪಿಕಾರ ಉಳಿ ಹಿಡಿದು ಬಂಡೆ ಕೆತ್ತುವಾಗ ಕೆಳಗಿನ ಊರಿನವರು ಕಲ್ಲಿನ ಅಲಗಿನಲ್ಲೇ ಕಾಲ ಹಾಕುತ್ತಿದ್ದರು! ಸಾಮ್ರಾಜ್ಯ ಬರುವವರೆಗೆ ಗಡಿನಾಡಿನವರಿಗೆ ಏನೂ ತಿಳಿಯದು ಎಂಬ ಪೂರ್ವಗ್ರಹ ಈ ಲೆಕ್ಕದಲ್ಲಿ ಅಡಗಿತ್ತೆನ್ನದೆ ವಿಧಿಯಿಲ್ಲ. ಅದನ್ನು ಕೆಡವಿದ್ದು ಇಂಗಾಲ–14 ಪರೀಕ್ಷೆ. ಎಫ್.ಆರ್. ಆಲ್ಚಿನ್ 1957ರಲ್ಲಿ ಅಗೆದ ಉಟ್ನೂರಿನ ಬೂದಿದಿಬ್ಬದಿಂದ ನವಶಿಲಾಯುಗ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಎಂ.ಎಸ್. ನಾಗರಾಜರಾವ್ 1965ರಲ್ಲಿ ಅಗೆದ ತುಂಗಭದ್ರಾ ದಡದ ಹಳ್ಳೂರಿನಲ್ಲಿ ಕಬ್ಬಿಣ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ಮೌರ್ಯರು ಬರುವ ಹೊತ್ತಿಗೆ ಈ ನಾಡಿನವರು ಶತಮಾನಗಳಿಂದ ಕಬ್ಬಿಣ ಬಲ್ಲವರು. ರೋಮನ್ ಗಡಿಗೆ ತದ್ವಿರುದ್ಧವಾಗಿ ಇಲ್ಲಿ ಊರು ಮೊದಲು, ಅರಸೊತ್ತಿಗೆ ಆಮೇಲೆ.

ಮಧ್ಯಯುಗದ ಶಾಸನಗಳಲ್ಲಿ ಈ ಊರು ಪಿರಿಯ ಮೊಸಂಗಿ. ಹನ್ನೊಂದನೆಯ ಶತಮಾನದಲ್ಲಿ ರಾಜೇಂದ್ರ ಚೋಳನೂ ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನೂ ಕಾದಿದ ಮುಶಂಗಿ ಇದೇ ಎಂದು ಹಲವರ ಅಭಿಪ್ರಾಯ. ವಿಜಯನಗರ ಮತ್ತು ಬಹಮನಿ ಅರಸರೂ ಈ ಎಡೆದೊರೆ ನಾಡಿಗಾಗಿ ಮತ್ತೆ ಮತ್ತೆ ಹೊಡೆದಾಡಿದರು.

2010ರ ದಶಕದಿಂದ ಆಂಡ್ರ್ಯೂ ಬಾವರ್, ಪೀಟರ್ ಯೊಹಾನ್ಸನ್ ಮೊದಲಾದವರ ತಂಡ ಒಂದೇ ಗುಂಡಿಗೆ ಅಂಟಿಕೊಳ್ಳದೆ ಸುತ್ತಲಿನ ಹೊಲ, ಗುಡ್ಡಗಳನ್ನು ನಡೆದು ಶೋಧಿಸಿತು. ಹಳೆಯ ವಸತಿಗಳು, ಸಮಾಧಿಗಳು, ಲೋಹ ಕಾಯಿಸಿದ ಕಿಟ್ಟ, ನೀರು ಹಿಡಿದ ಕಟ್ಟೆಗಳೆಲ್ಲ ದಾಖಲಾದವು. 2025ರಲ್ಲಿ ಹೇಮಂತ್ ಕಡಂಬಿಯವರೂ ಇದ್ದ ಭಾರತ–ಅಮೆರಿಕ–ಕೆನಡಾ ತಂಡ ಮತ್ತೆ ಅಗೆದು, ಸುಮಾರು 4,000 ವರ್ಷ ಹಿಂದಿನ ಜನವಸತಿಯ ಕುರುಹುಗಳನ್ನು ಹೊರತೆಗೆಯಿತು.