ಪಾಠದ ವೇಳೆಯೂ ಪ್ರತಿಭಟನೆಯ ಹಕ್ಕೂ

ಬೆಂಗಳೂರಿನ ದಂಡುಪ್ರದೇಶದಲ್ಲಿ, ಫ್ರೇಜರ್ ಟೌನಿನ ನೆರೆಯಲ್ಲಿ, ಕುಕ್ ಟೌನ್ ಎಂಬ ಬಡಾವಣೆಯಿದೆ. ಬೆಳಗಿನ ಹೊತ್ತು ಪುಸ್ತಕದ ಚೀಲ ಹೊತ್ತು ಶಾಲೆಗೆ ನಡೆಯುವ ಮಕ್ಕಳ ಗುಂಪು ಅಲ್ಲಿಯ ನಿತ್ಯದ ನೋಟ. ಈ ಮಕ್ಕಳಲ್ಲಿ ಒಬ್ಬನು ತನಗೆ ಅನ್ಯಾಯವೆಂದು ತೋರಿದುದನ್ನು ಪಾಠದ ವೇಳೆಯಲ್ಲಿಯೇ, ಯಾರಿಗೂ ಕೇಡಾಗದಂತೆ, ಪ್ರತಿಭಟಿಸಬಹುದೆ? ಪ್ರಶ್ನೆಯು ಸಣ್ಣದೆಂದು ತೋರಬಹುದು. ಆದರೆ ನಮ್ಮ ನಾಡಿನ ಚರಿತ್ರೆಯಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಗೆ ಸೆರೆಮನೆಯೂ ಬಂದೂಕೂ ಉತ್ತರ ಕೊಟ್ಟ ದಿನಗಳುಂಟು. ಆದುದರಿಂದ ಅದನ್ನು ಕೊಂಚ ಹಿಂದಿನಿಂದ ನೋಡುವುದು ಉಚಿತ.

1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ಮನೆತನಕ್ಕೆ ಹಿಂದಿರುಗಿದಾಗ ದಂಡುಪ್ರದೇಶವು ಮಾತ್ರ ಬ್ರಿಟಿಷರ ಕೈಯಲ್ಲಿ ಉಳಿಯಿತು. 1947ರ ಜುಲೈ 26ರಂದು ಅದು ಸಂಸ್ಥಾನಕ್ಕೆ ಮರಳಿ ಸೇರಿತು. ಅಲ್ಲಿಯವರೆಗೆ ಈ ಭಾಗದ ಹುಡುಗನು ನಗರದ ಸೆಂಟ್ರಲ್ ಕಾಲೇಜಿಗೆ ಓದಲು ಹೋಗುವುದಾದರೆ, ಕೆಲವೇ ಮೈಲಿಗಳ ದಾರಿಯಲ್ಲಿ ಒಂದು ಆಡಳಿತದ ಎಲ್ಲೆಯನ್ನು ಬಿಟ್ಟು ಮತ್ತೊಂದರ ಎಲ್ಲೆಯನ್ನು ಹೊಗುತ್ತಿದ್ದನು. ಒಂದೆಡೆ ರೆಸಿಡೆಂಟರ ಆಳ್ವಿಕೆ, ಇನ್ನೊಂದೆಡೆ ಮಹಾರಾಜರ ಆಳ್ವಿಕೆ. ಎರಡರಲ್ಲಿಯೂ ಅವನು ಪ್ರಜೆಯೇ ಹೊರತು ಪೌರನಲ್ಲ. ಸಭೆ ಸೇರುವುದು ದೊರೆತನದ ಅಪ್ಪಣೆಗೆ ಸೇರಿದ ವಿಷಯವಾಗಿದ್ದಿತು.

ವಿದ್ಯಾರ್ಥಿಗಳ ಪ್ರತಿಭಟನೆಯೆಲ್ಲವೂ ಶುಭವಾಗಿಯೇ ಮುಗಿಯಿತೆಂದು ಹೇಳುವಂತಿಲ್ಲ. 1928ರಲ್ಲಿ ನಗರದ ಸುಲ್ತಾನ್ ಪೇಟೆಯ ಸರ್ಕಾರಿ ಶಾಲೆಯೊಂದರ ಆವರಣದಲ್ಲಿದ್ದ ಗಣೇಶನ ವಿಗ್ರಹದ ವಿಷಯವಾಗಿ ವಿದ್ಯಾರ್ಥಿಗಳು ಅಸಮಾಧಾನಗೊಂಡರು. ಹುಡುಗರ ದೂರು ಬೇಗನೆ ಹಿರಿಯರ ಕೈಸೇರಿತು. ಅಲ್ಲಿಂದ ಮುಂದೆ ಅದು ಬೀದಿಯ ಗಲಭೆಯಾಯಿತು. ಕೊನೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸರ್ಕಾರವು ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಮಕ್ಕಳ ಮಾತನ್ನು ಶಾಲೆಯ ಒಳಗೆಯೇ ಕೇಳಿ ತೀರಿಸುವವರಿಲ್ಲದಿದ್ದರೆ ಅದನ್ನು ಹೊರಗೆ ಎತ್ತಿಕೊಳ್ಳುವವರು ಸಿದ್ಧವಾಗಿಯೇ ಇರುತ್ತಾರೆ. ಆಮೇಲೆ ಆ ಮಾತು ಮಕ್ಕಳದಾಗಿ ಉಳಿಯುವುದಿಲ್ಲ.

1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯು ಬೇರೊಂದು ಮಾದರಿಯನ್ನು ತೋರಿಸಿತು. ಸೆಂಟ್ರಲ್ ಕಾಲೇಜಿಗೆ ಸಮೀಪದ ಮೈಸೂರು ಬ್ಯಾಂಕ್ ಚೌಕದಲ್ಲಿ ಆ ವರ್ಷ ಪೊಲೀಸರ ಗುಂಡಿಗೆ ಬಲಿಯಾದವರ ಸ್ಮಾರಕವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಆ ಕಾಲೇಜಿನಲ್ಲಿ ಆಗ ಆನರ್ಸ್ ಓದುತ್ತಿದ್ದ ಎಚ್. ನರಸಿಂಹಯ್ಯನವರು ತರಗತಿಯನ್ನು ತೊರೆದು ಚಳವಳಿಯನ್ನು ಸೇರಿ ಸೆರೆವಾಸವನ್ನು ಅನುಭವಿಸಿದರು. ಬಿಡುಗಡೆಯಾದ ಮೇಲೆ ಮತ್ತೆ ಪುಸ್ತಕವನ್ನು ಹಿಡಿದು ಓದನ್ನು ಮುಗಿಸಿ ಅಧ್ಯಾಪಕರಾದರು. 1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅವರು ಹಿಂದೆ ತೊರೆದುಹೋಗಿದ್ದ ಕಾಲೇಜು ಆಗ ಆ ವಿಶ್ವವಿದ್ಯಾಲಯದ ಅಂಗವಾಗಿದ್ದಿತು. ಅವರು ಕಳೆದುಕೊಂಡುದು ತಮ್ಮ ಓದಿನ ಕಾಲವನ್ನು. ನೆರೆಯ ಬೆಂಚಿನವನ ಕಾಲವನ್ನಲ್ಲ. ಪ್ರತಿಭಟನೆಯ ಬೆಲೆಯನ್ನು ಪ್ರತಿಭಟಿಸುವವನೇ ತೆತ್ತರೆ ಅದಕ್ಕೆ ಗೌರವವಿದೆ.

ಆದರೆ ಆ ಬೆಲೆಗೂ ಒಂದು ಮಿತಿ ಇರಬೇಡವೆ? ದೇಶವು ಸ್ವತಂತ್ರವಾದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರವು ಬಂದಿರಲಿಲ್ಲ. ಅದಕ್ಕಾಗಿ ನಡೆದ ‘ಮೈಸೂರು ಚಲೋ’ ಚಳವಳಿಯಲ್ಲಿ, 1947ರ ಸೆಪ್ಟೆಂಬರಿನಲ್ಲಿ, ಮೈಸೂರು ಪಟ್ಟಣದ ವಿದ್ಯಾರ್ಥಿ ರಾಮಸ್ವಾಮಿಯು ಗುಂಡಿಗೆ ಬಲಿಯಾದನು. ಅಲ್ಲಿಯ ವೃತ್ತವೊಂದಕ್ಕೆ ಆತನ ಹೆಸರಿದೆ. ಮಾರನೆಯ ತಿಂಗಳಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಬಾಲಕನು ಕೇಳಿದುದು ನ್ಯಾಯವಾಗಿದ್ದಿತೆಂಬುದನ್ನು ಸರ್ಕಾರವು ಒಪ್ಪಿಕೊಂಡಿತು, ಒಪ್ಪಿದಾಗ ಬಾಲಕನಿರಲಿಲ್ಲ.

1950ರ ಜನವರಿ 26ರಿಂದ ಸಂವಿಧಾನವು ಜಾರಿಗೆ ಬಂದಿತು. ಅದರ 19ನೆಯ ಅನುಚ್ಛೇದವು ಮಾತಿನ ಸ್ವಾತಂತ್ರ್ಯವನ್ನೂ, ಆಯುಧಗಳಿಲ್ಲದೆ ಶಾಂತವಾಗಿ ಸಭೆ ಸೇರುವ ಸ್ವಾತಂತ್ರ್ಯವನ್ನೂ ಎಲ್ಲ ಪೌರರಿಗೂ ಕೊಟ್ಟಿದೆ. ಇಷ್ಟು ವಯಸ್ಸಾದವರಿಗೆ ಮಾತ್ರ ಎಂದು ಅಲ್ಲಿ ಹೇಳಿಲ್ಲ. ನ್ಯಾಯಸಮ್ಮತವಾದ ನಿರ್ಬಂಧಗಳಿಗೆ ಅವಕಾಶವಿದೆ ನಿಜ. ಹಾಗಾದರೆ ಪಾಠದ ವೇಳೆ ಎಂಬುದು ಅಂತಹ ನಿರ್ಬಂಧವೆ?

ಉಪಾಧ್ಯಾಯರ ಪಕ್ಷವನ್ನೂ ಕೇಳಬೇಕು. ನಲವತ್ತು ಮಕ್ಕಳಿಗೆ ಪಾಠ ಹೇಳುವವನಿಗೆ ಮೌನವೂ ಕ್ರಮವೂ ಬೇಕು. ಕಲಿಯಲು ಬಂದವನಿಗೆ ಕಲಿಯುವ ಹಕ್ಕುಂಟು. ಅವನನ್ನು ಬಲಾತ್ಕಾರದಿಂದ ಹೊರಕ್ಕೆಳೆಯುವ ಹಕ್ಕು ಯಾರಿಗೂ ಇಲ್ಲ. ರಾಷ್ಟ್ರವನ್ನೇ ಪ್ರತಿಭಟನೆಗೆ ಎಬ್ಬಿಸಿದ ಗಾಂಧೀಜಿಯವರು ಕೂಡ ತಮ್ಮ ರಚನಾತ್ಮಕ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಪಕ್ಷರಾಜಕೀಯದಿಂದಲೂ ರಾಜಕೀಯ ಮುಷ್ಕರಗಳಿಂದಲೂ ದೂರವಿರಬೇಕೆಂದು ಬುದ್ಧಿ ಹೇಳಿದ್ದರು. ಆದರೆ ಮುಷ್ಕರವೊಂದೇ ಪ್ರತಿಭಟನೆಯಲ್ಲ. ತರಗತಿಯಲ್ಲಿಯೇ ಕುಳಿತು, ಪಾಠವನ್ನು ಕೇಳುತ್ತ, ಒಪ್ಪದಿರುವ ಬಗೆಯೂ ಉಂಟು.

ಅಂತಹುದಕ್ಕೆ ನಿದರ್ಶನಗಳಿವೆ. ಅಮೆರಿಕದ ಡೆ ಮಾಯ್ನ್ ಪಟ್ಟಣದಲ್ಲಿ 1965ರಲ್ಲಿ ಕೆಲವು ಮಕ್ಕಳು ವಿಯಟ್ನಾಂ ಯುದ್ಧದ ದುಃಖವನ್ನು ಸೂಚಿಸಲು ತೋಳಿಗೆ ಕರಿಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದರು. ಶಾಲೆಯವರು ಅವರನ್ನು ಹೊರಗೆ ಕಳುಹಿಸಿದರು. 1969ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಪಾಠಕ್ಕೆ ನಿಜವಾದ ಅಡ್ಡಿಯಾಗದಿದ್ದಲ್ಲಿ ಇದನ್ನು ತಡೆಯಲಾಗದೆಂದು ತೀರ್ಪಿತ್ತಿತು. ನಮ್ಮ ನೆರೆಯ ಕೇರಳದ ಕಿಡಂಗೂರಿನಲ್ಲಿ 1985ರಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಯ ಹೊತ್ತಿಗೆ ಗೌರವದಿಂದ ಎದ್ದು ನಿಂತರೂ, ತಮ್ಮ ಧರ್ಮದ ಕಾರಣದಿಂದ ಹಾಡದಿದ್ದುದಕ್ಕಾಗಿ ಶಾಲೆಯಿಂದ ಹೊರಹಾಕಲ್ಪಟ್ಟರು. 1986ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿತು. ಅದು ಪ್ರತಿಭಟನೆಯಲ್ಲ, ಅಂತಃಕರಣದ ಮಾತು. ಆದರೂ ಶಾಲೆಯ ವೇಳೆಯಲ್ಲಿ, ಶಾಲೆಯ ಅಂಗಳದಲ್ಲಿ, ಮಗುವಿನ ಮೌನಕ್ಕೂ ಸಂವಿಧಾನದ ರಕ್ಷೆಯುಂಟೆಂಬುದು ಅದರಿಂದ ಸಿದ್ಧವಾಯಿತು.

ಇನ್ನು ನಮ್ಮ ಊರಿಗೆ ಮರಳೋಣ. ಸ್ವಾತಂತ್ರ್ಯ ಹೋರಾಟಗಾರರನ್ನೂ, 1975ರ ತುರ್ತುಪರಿಸ್ಥಿತಿಯ ಬಂದಿಗಳನ್ನೂ ಇರಿಸಿದ್ದ ಬೆಂಗಳೂರಿನ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್ ಎಂಬ ಉದ್ಯಾನವಾಗಿದೆ. 2021ರ ಪೊಲೀಸ್ ಆಜ್ಞೆಯೊಂದು ನಗರದ ಪ್ರತಿಭಟನೆಗಳಿಗೆಲ್ಲ ಆ ಸ್ಥಳವೊಂದನ್ನೇ ಗೊತ್ತುಮಾಡಿತು. ಸಂಚಾರಕ್ಕೆ ತೊಡಕಾಗದಿರಲೆಂಬ ಉದ್ದೇಶವು ತಿಳಿಯತಕ್ಕದ್ದೇ. ಆದರೆ ಕುಕ್ ಟೌನಿನ ಮಗುವಿನ ಕಡೆಯಿಂದ ಇದನ್ನು ನೋಡಬೇಕು. ಬೀದಿಯಲ್ಲಿ ನಿಲ್ಲುವಂತಿಲ್ಲ, ಉದ್ಯಾನಕ್ಕೆ ಹೋಗಬೇಕಾದರೆ ಪಾಠವನ್ನು ಬಿಡಬೇಕು, ಪಾಠವನ್ನು ಬಿಟ್ಟರೆ ಅಶಿಸ್ತು. ದಿನದ ಬಹುಭಾಗವನ್ನು ಅದು ಕಳೆಯುವುದು ಶಾಲೆಯಲ್ಲಿ. ಅಲ್ಲಿಯೂ ಬಾಯಿ ಮುಚ್ಚಿಸಿದರೆ, ಸಂವಿಧಾನವು ಕೊಟ್ಟ ಹಕ್ಕು ಆ ಮಗುವಿಗೆ ಪುಸ್ತಕದ ಪಾಠವಾಗಿ ಮಾತ್ರ ಉಳಿಯುತ್ತದೆ.

ಶಾಲೆಯವರು ಮಾಡಬೇಕಾದುದು ದೊಡ್ಡ ಕೆಲಸವಲ್ಲ. ಎದೆಗೆ ಚುಚ್ಚಿಕೊಂಡ ಪಟ್ಟಿಯನ್ನೂ, ಹತ್ತು ಕೈಗಳ ರುಜುವುಳ್ಳ ಮನವಿಯನ್ನೂ, ವಿರಾಮದ ಹೊತ್ತಿನ ಮೌನದ ಸಾಲನ್ನೂ ಅಪರಾಧವೆಂದೆಣಿಸದೆ, ಕಾರಣವನ್ನು ಕೇಳಬೇಕು. ಕೇಳಿದ ಮೇಲೆ ಒಪ್ಪಬಹುದು, ಒಪ್ಪದಿರಬಹುದು. ಪಾಠವು ಕೆಟ್ಟರೆ ತಿದ್ದಬಹುದು. ಪಾಠವು ಕೆಡದಿದ್ದರೆ ದಂಡಿಸಬಾರದು. ಹಿಂದೆ ದಂಡಿಗೂ ನಗರಕ್ಕೂ ನಡುವೆ ಇದ್ದ ಎಲ್ಲೆಯು 1947ರಲ್ಲಿ ಅಳಿಯಿತು. ಪೌರತ್ವದ ಎಲ್ಲೆಯನ್ನು ಶಾಲೆಯ ಬಾಗಿಲಲ್ಲಿ ಹೊಸದಾಗಿ ಎಳೆಯುವುದು ನಮಗೆ ತರವಲ್ಲ.