ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಳಚಿ ಡೈನಮೋ ಪರೀಕ್ಷಿಸಬಹುದೇ?

“ಕಾರು ಸ್ಟಾರ್ಟ್ ಮಾಡಿ ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಎಂಜಿನ್ ನಿಂತರೆ ಡೈನಮೋ ಕೆಟ್ಟಿದೆ, ಓಡುತ್ತಿದ್ದರೆ ಸರಿಯಿದೆ.” ಹಳೆಯ ಕಾರು ಇಟ್ಟುಕೊಂಡವರಿಗೆ ಈ ಸಲಹೆ ಹೊಸದಲ್ಲ. ಆದರೆ ಹೀಗೆ ಮಾಡಬೇಡಿ. ಇದರ ಫಲಿತಾಂಶವನ್ನು ನಂಬುವಂತಿಲ್ಲ. ಸರಿಯಿದ್ದ ಡೈನಮೋ ಈ ಪರೀಕ್ಷೆಯಿಂದಲೇ ಸುಡಬಹುದು.

ಬಾಯಿಮಾತಿನಲ್ಲಿ ನಾವು ಡೈನಮೋ ಎನ್ನುವುದು ಇಂದಿನ ಕಾರುಗಳಲ್ಲಿ ಆಲ್ಟರ್ನೇಟರ್. ಬೆಲ್ಟ್ ಮೂಲಕ ಎಂಜಿನ್ ಇದನ್ನು ತಿರುಗಿಸುತ್ತದೆ, ಒಳಗಿನ ಡಯೋಡ್‌ಗಳು ಎಸಿ ಕರೆಂಟನ್ನು ಡಿಸಿಯಾಗಿ ಬದಲಿಸುತ್ತವೆ, ರೆಗ್ಯುಲೇಟರ್ ವೋಲ್ಟೇಜನ್ನು ಹಿಡಿತದಲ್ಲಿಡುತ್ತದೆ. ಬ್ಯಾಟರಿ ಏರಿಳಿತವನ್ನು ನುಂಗಿಕೊಳ್ಳುತ್ತದೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಒಮ್ಮೆಲೇ ಕಳಚಿದರೆ ವೋಲ್ಟೇಜ್ ಕ್ಷಣಾರ್ಧದಲ್ಲಿ ಚಿಮ್ಮುತ್ತದೆ, ಕೆಲವೊಮ್ಮೆ 80 ವೋಲ್ಟ್ ದಾಟುತ್ತದೆ. ಡಯೋಡ್, ರೆಗ್ಯುಲೇಟರ್, ಎಂಪಿಎಫ್‌ಐ ಕಾರಾದರೆ ಇಸಿಯು, ಯಾವುದೂ ಹೋಗಬಹುದು. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್‌ಗೆ ಕಿಡಿ ತಗುಲಿ ಬ್ಯಾಟರಿಯೇ ಸಿಡಿಯುವ ಅಪಾಯವೂ ಇದೆ.

ಗಾಡಿಯಲ್ಲಿ ಎಲೆಕ್ಟ್ರಾನಿಕ್ಸ್ ಇಲ್ಲದ ಕಾಲದಲ್ಲಿ ಈ ಉಪಾಯ ನಡೆಯುತ್ತಿತ್ತು. ಆಗಲೂ ಅದು ಪೂರ್ತಿ ನಿಜ ಹೇಳುತ್ತಿರಲಿಲ್ಲ. ಎಳೆದು ಆಫ್ ಮಾಡುವ ಹಳೆಯ ಡೀಸೆಲ್ ಜೀಪಿಗೆ ಓಡಲು ಕರೆಂಟೇ ಬೇಡ. ಅದರ ಡೈನಮೋ ಸತ್ತು ತಿಂಗಳಾಗಿದ್ದರೂ ಪರೀಕ್ಷೆಯಲ್ಲಿ ಪಾಸ್!

ಸರಿಯಾದ ದಾರಿ ಮಲ್ಟಿಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಡಿಸಿ ವೋಲ್ಟ್ 20ಕ್ಕೆ ಇಟ್ಟು ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮುಟ್ಟಿಸಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ತೋರಿಸಿದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ. ಎಂಜಿನ್ ಓಡುವಾಗ ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಈಗ ಹೆಡ್‌ಲೈಟ್, ವೈಪರ್ ಹಾಕಿ ಸ್ವಲ್ಪ ಆಕ್ಸಿಲರೇಟರ್ ಕೊಡಿ. ಆಗಲೂ 13ಕ್ಕಿಂತ ಕೆಳಗೇ ನಿಂತರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ ಎಂದರ್ಥ.

ಮೀಟರ್ ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ನೋಡಿ. ಕೀ ತಿರುಗಿಸಿದಾಗ ಅದು ಹೊತ್ತಿಕೊಳ್ಳಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹಳೆಯ ಕಾರಿನಲ್ಲಿ ಆ ಬಲ್ಬೇ ಹೋಗಿರುವುದುಂಟು. ಆಗ ಯಾವ ಎಚ್ಚರಿಕೆಯೂ ಸಿಗದು.

ಕನ್ಯಾನದಂಥ ಗಡಿಭಾಗದ ಊರಿನಲ್ಲಿ, ಜುಲೈ ರಾತ್ರಿ ರೋಗಿಯನ್ನು ಕೂರಿಸಿಕೊಂಡು ಹೊರಟಾಗ ಆ ದೀಪ ಹೊತ್ತಿತು ಎಂದುಕೊಳ್ಳಿ. ಎಷ್ಟು ದೂರ ಹೋಗಬಹುದು? ಮಾರುತಿ 800ರಂಥ ಸಣ್ಣ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್-ಅವರ್. ಹೆಡ್‌ಲೈಟ್, ವೈಪರ್, ರೇಡಿಯೇಟರ್ ಫ್ಯಾನ್, ಇಗ್ನಿಷನ್ ಸೇರಿ 20–25 ಆಂಪಿಯರ್ ಎಳೆಯುತ್ತವೆ. ಲೆಕ್ಕಕ್ಕೆ ಒಂದೂವರೆ ಗಂಟೆ, ಹಳೆಯ ಬ್ಯಾಟರಿಯಲ್ಲಿ ಅರ್ಧ ಗಂಟೆ ಸಿಕ್ಕರೂ ಪುಣ್ಯ. ವಿಟ್ಲ ಮುಟ್ಟಬಹುದು, ಮಂಗಳೂರಿನ ಆಸೆ ಬೇಡ. ವಿಟ್ಲದಲ್ಲೇ ಬೇರೆ ಗಾಡಿ ಸಿಗುವಂತೆ ಹೊರಡುವಾಗಲೇ ಫೋನ್ ಮಾಡಿಡಿ. ಎಸಿ, ಸ್ಟೀರಿಯೊ, ಮೊಬೈಲ್ ಚಾರ್ಜರ್ ಬಂದ್ ಮಾಡಿ. ಹೆಡ್‌ಲೈಟ್ ಮಾತ್ರ ಆರಿಸಬೇಡಿ. ದಾರಿಯಲ್ಲಿ ಎಂಜಿನ್ ಆಫ್ ಮಾಡಿದರೆ ಸೆಲ್ಫ್ ಹೊಡೆಯಲು ಕರೆಂಟ್ ಉಳಿದಿರುವುದಿಲ್ಲ. ಇಳಿಜಾರಿನಲ್ಲಿ ಎಂಜಿನ್ ನಿಂತರೆ, ಬೂಸ್ಟರ್ ಇರುವ ಕಾರಿನ ಬ್ರೇಕ್ ಒಂದೆರಡು ಸಲ ಒತ್ತಿದ ಮೇಲೆ ಗಟ್ಟಿಯಾಗುತ್ತದೆ ಎನ್ನುವುದೂ ನೆನಪಿರಲಿ.

ಹೊರಡುವ ಮೊದಲು ಬಾನೆಟ್ ತೆರೆದು ಬೆಲ್ಟ್ ನೋಡಲೇಬೇಕು. ಹಲವು ಹಳೆಯ ಕಾರುಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಅದು ಕಡಿದಿದ್ದರೆ ಎಂಜಿನ್ ಕಾದು ಸೀಜ್ ಆಗುತ್ತದೆ, ವಿಟ್ಲಕ್ಕೂ ಹೋಗುವಂತಿಲ್ಲ.

ಎಷ್ಟೋ ಸಲ ತಪ್ಪು ಡೈನಮೋದ್ದಾಗಿರುವುದಿಲ್ಲ. ಕರಾವಳಿಯ ತೇವಕ್ಕೆ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟುತ್ತದೆ, ಅರ್ತ್ ವೈರಿಗೆ ತುಕ್ಕು ಹಿಡಿಯುತ್ತದೆ. ಎಂಜಿನ್ ಆಫ್ ಮಾಡಿ, ಮೊದಲು ನೆಗೆಟಿವ್ ಬಿಚ್ಚಿ, ಅಡಿಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು ಒಣಗಿಸಿ, ವ್ಯಾಸಲೀನ್ ಹಚ್ಚಿ. ನಿಜವಾಗಿಯೂ ಡೈನಮೋ ಕೆಟ್ಟಿದ್ದರೂ ಕಾರ್ಬನ್ ಬ್ರಶ್, ಬೇರಿಂಗ್, ರೆಗ್ಯುಲೇಟರ್ ಬಿಡಿಯಾಗಿ ಸಿಗುತ್ತವೆ. ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡುವ ಮೊದಲೇ ಹೊಸದು ತರಬೇಡಿ. ಹೊಸ ಬ್ಯಾಟರಿ ಹಾಕಿದರೂ ಬೆಳಗಾಗುವಷ್ಟರಲ್ಲಿ ಖಾಲಿಯಾಗುತ್ತಿದ್ದರೆ, ಡಯೋಡ್ ಸೋರುತ್ತಿದೆಯೇ ಪರೀಕ್ಷಿಸಲು ಹೇಳಿ.