ಸುತ್ತ ನಿಂತವರು

ಹೆದ್ದಾರಿಯ ಮಗ್ಗುಲಲ್ಲಿ ಬದುಕುವ ನಮ್ಮ ಕ್ಯಾತ್ಸಂದ್ರದವರಿಗೆ ಬ್ರೇಕಿನ ಕಿರುಚಾಟ ಹೊಸದಲ್ಲ. ಸದ್ದು ಕೇಳಿದರೆ ತಟ್ಟೆ ಇಡ್ಲಿ ತಿನ್ನುತ್ತಿದ್ದವರು ತಟ್ಟೆ ಬಿಟ್ಟು, ಅಂಗಡಿಯವರು ಗಲ್ಲಾ ಬಿಟ್ಟು ಓಡುತ್ತಾರೆ. ನಮ್ಮ ಜನಕ್ಕೆ ಕರುಳಿಲ್ಲವೆಂದು ಯಾರೂ ಅನ್ನುವಂತಿಲ್ಲ. ಆದರೆ ಓಡಿ ಬಂದ ಆ ನಲವತ್ತು ಜನ ಮಾಡುವುದೇನು? ಒಬ್ಬರು ಎಚ್ಚರ ತಪ್ಪಿದವನ ಬಾಯಿಗೆ ನೀರು ಹುಯ್ಯಲು ಹೋಗುತ್ತಾರೆ, ಇಬ್ಬರು ರಟ್ಟೆ ಹಿಡಿದು ಕೂರಿಸುತ್ತಾರೆ, ಮತ್ತಿಬ್ಬರು ಕಾಲು ಹಿಡಿದು ಆಟೋದತ್ತ ಎಳೆಯುತ್ತಾರೆ. ಉಳಿದವರು ಗಾಳಿಗೆ ಅಡ್ಡ. ಆಂಬುಲೆನ್ಸಿಗೆ ಫೋನ್ ಮಾಡಿದಿರಾ ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಷ್ಟು ಜನರಲ್ಲಿ ಯಾರೋ ಮಾಡಿರುತ್ತಾರೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ!

ಇದು ಹಳೆಯ ಕಾಯಿಲೆ. 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೋದಲ್ಲಿ ಘೋರ ಯುದ್ಧ ನಡೆದು, ಗಾಯಾಳುಗಳು ಪಕ್ಕದ ಕ್ಯಾಸ್ಟಿಗ್ಲಿಯೋನೆ ಊರಿನ ಚರ್ಚುಗಳಲ್ಲಿ ತುಂಬಿಹೋದರು. ವ್ಯಾಪಾರದ ಕೆಲಸಕ್ಕೆ ಹೊರಟಿದ್ದ ಹೆನ್ರಿ ಡ್ಯೂನಾಂಟ್ ಅಲ್ಲಿಯೇ ನಿಂತ. ವೈದ್ಯನಲ್ಲದ ಅವನು ಊರಿನ ಹೆಂಗಸರನ್ನು ಒಟ್ಟುಗೂಡಿಸಿ ಆರೈಕೆಗೆ ಹಚ್ಚಿದ, ಹುಡುಗರನ್ನು ನೀರು ತರಲು ಕಳಿಸಿದ. 1862ರಲ್ಲಿ ಬಂದ ಅವನ ಪುಸ್ತಕದ ವಾದವೂ ಅದೇ. ಅಲ್ಲೊಬ್ಬ ಇಲ್ಲೊಬ್ಬನ ಉತ್ಸಾಹ ಸಾಲದು, ಶಾಂತಿಯ ಕಾಲದಲ್ಲೇ ಸ್ವಯಂಸೇವಕರನ್ನು ಸಿದ್ಧಗೊಳಿಸಿಡಬೇಕು. ರೆಡ್‌ಕ್ರಾಸ್ ಹುಟ್ಟಿದ್ದು ಆ ಮಾತಿನಿಂದ. ಆ ಊರಿನ ಹೆಣ್ಣುಮಕ್ಕಳ ಹೆಸರುಗಳು ಮಾತ್ರ ನಮ್ಮ ಪಠ್ಯಪುಸ್ತಕಗಳಿಗೆ ಬರಲೇ ಇಲ್ಲ.

ನಮ್ಮ ಹೆದ್ದಾರಿಗೆ ಬರೋಣ. 2016ರ ಫೆಬ್ರವರಿ 16ರಂದು ಗುಬ್ಬಿ ತಾಲ್ಲೂಕಿನ ಯುವಕ ಹರೀಶ್ ನಂಜಪ್ಪ ಊರಿನಿಂದ ಬೆಂಗಳೂರಿಗೆ ಬೈಕಿನಲ್ಲಿ ಮರಳುತ್ತಿದ್ದಾಗ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡ. ಜೀವ ಉಳಿಯಲಿಲ್ಲ, ಕಣ್ಣುಗಳು ದಾನವಾದವು. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ಹಿಡಿದ ಸುದ್ದಿಯೂ ನಾಡನ್ನೆಲ್ಲ ಕಾಡಿತು. ಮುಂದಿನ ತಿಂಗಳೇ ಸರ್ಕಾರ ಅವನ ಹೆಸರಿನಲ್ಲಿ ಸಾಂತ್ವನ ಯೋಜನೆ ತಂದು, ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗಿನ ಚಿಕಿತ್ಸೆಯ ಹೊಣೆ ಹೊತ್ತಿತು. ಅದೇ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ನೆರವಾದವರಿಗೆ ಕಿರುಕುಳ ಕೊಡಬಾರದೆಂಬ ಮಾರ್ಗಸೂಚಿಗೆ ಬಲ ತುಂಬಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಆ ರಕ್ಷಣೆ ಸೇರಿತು.

ಪೊಲೀಸು, ಕೋರ್ಟೆಂಬ ಹೆದರಿಕೆ ಕಡಿಮೆಯಾದದ್ದು ಒಳ್ಳೆಯದೇ. ಆದರೆ ಮುಂದೆ ಬರುವ ಕೈಗಳು ಹೆಚ್ಚಿದಂತೆ ಅವುಗಳಿಗೆ ಕೆಲಸ ಹಂಚುವ ಬಾಯಿ ಬೇಕಲ್ಲ! ಕಾನೂನು ಅದನ್ನು ಕೊಡಲಾರದು. ಮದುವೆಮನೆಯ ಅಡಿಗೆ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಸಿದ್ಧಗಂಗಾ ಮಠದ ದಾಸೋಹದಲ್ಲಿ ಅಷ್ಟು ಜನ ಉಣ್ಣುವಾಗಲೂ ಸಾರಿನ ಸೌಟು ಹಿಡಿದವರು ಒಲೆ ಉರಿಸಲು ಓಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಬಸ್ ನಿಲ್ದಾಣದ ಬಳಿ ಸ್ಕೂಟರಿನಿಂದ ಹೆಂಗಸೊಬ್ಬಳು ಬಿದ್ದಳು. ಎಂದಿನಂತೆ ಜನ ಮುತ್ತಿತು. "ಯಾರಾದರೂ ಫೋನ್ ಮಾಡಿ" ಎಂದು ಹತ್ತು ಜನ ಕೂಗಿದರು, ಯಾರೂ ಮಾಡಲಿಲ್ಲ. ಹೂ ಮಾರುವ ಅಜ್ಜಿ ಬುಟ್ಟಿ ಇಳಿಸಿ ಬಂದಳು. ಪ್ರಥಮ ಚಿಕಿತ್ಸೆಯ ಗಂಧವೂ ಆಕೆಗಿಲ್ಲ. ಗೊತ್ತಿದ್ದುದು ಎಲ್ಲರ ಹೆಸರು. "ಏ ಮಂಜ, 108ಕ್ಕೆ ನೀನು ಮಾಡು. ಸೀನ, ರೋಡಲ್ಲಿ ನಿಂತು ಗಾಡಿ ತಡಿಯೋ. ಮೇಡಂ, ನೀವು ಅವಳ ಹತ್ರ ಕೂತ್ಕಳಿ. ಮಿಕ್ಕೋರು ಹಿಂದಕ್ಕೋಗ್ರಪ್ಪ, ಇದೇನು ಜಾತ್ರೆನಾ?" ಗೈಡ್ಸ್ ಶಿಬಿರದಲ್ಲಿ ಕಲಿತಂತೆ ನಾನು ಆಕೆಯ ತಲೆ ಅಲುಗದಂತೆ ಹಿಡಿದು ಕೂತೆ. ಆಂಬುಲೆನ್ಸ್ ಬಂದಾಗ ದಾರಿ ಖಾಲಿ ಇತ್ತು. ಸಿಬ್ಬಂದಿ ಎಷ್ಟು ಹೊತ್ತಾಯಿತು ಎಂದು ಕೇಳಿದಾಗ ಉತ್ತರ ಹೇಳಿದ್ದು ಮಂಜ ಒಬ್ಬನೇ. ಅಜ್ಜಿ ಆಗಲೇ ಬುಟ್ಟಿಯ ಹತ್ತಿರ ಹೋಗಿ, ಬಾಡುತ್ತಿದ್ದ ಕನಕಾಂಬರಕ್ಕೆ ನೀರು ಚಿಮುಕಿಸುತ್ತಿದ್ದಳು.